ಗುರ್ತು ಬೀಳದ ಪಕ್ಕಡ

ಸಂತಪುರದಾಗ ನೀರಿನ ಮೋಟರ್ ರಿಪೇರಿ ಅರ್ಧಕ್ಕ ನಿಂತಿತ್ತು. ಓಣಿ ಹೆಣ್ಮಕ್ಕಳು ಖಾಲಿ ಕೊಡ ಇಟ್ಕೊಂಡು ನನ್ನ ದಾರಿ ಕಾಯ್ಲಾಕತ್ತಿದ್ರು. ನಾ ಬೀದರದ ಅಂಗಡ್ಯಾಗ ನಿಂತು ಜಗಳ ಮಾಡ್ಲಾಕತ್ತಿದ್ದೆ. ವರ್ಷದ ವಾರಂಟಿ ಅಂತ ಅಲ್ಲೇ ತೊಗೊಂಡಿದ್ದ ಹೊಸಾ ಪಕ್ಕಡ, ಅಂದ್ರ ಇಕ್ಕಳ, ಮೊದಲನೇ ವೈರ್ ಕತ್ತರಿಸೂವಾಗೇ ಬಾಯಿ ಮುಕ್ಕಾಗಿತ್ತು. ಹಿಂದಿನ ಕಾಲದ ಪಕ್ಕಡ ಕಳದು ಹೋಗ್ತಿದ್ವು ಹೊರ್ತು ಮುರೀತಿದ್ದಿಲ್ಲ.

ಅಂಗಡಿ ಸಾಹುಕಾರರು ಚಷ್ಮಾ ಏರಿಸಿ ಅದನ್ನ ಹಿಂದ ಮುಂದ ತಿರುವಿ ನೋಡಿದ್ರು.

"ವಾರಂಟಿ ಬರಲ್ಲರಿ. ಇದನ್ನ ವಾಪರಿಸೀರಿ. ನೋಡ್ರಿ, ವೈರಿನ ಗುರ್ತು ಬಿದ್ದಾವ."

"ಪಕ್ಕಡ ಅದರಿ ಸಾಹುಕಾರ್ರ! ವೈರ್ ಕತ್ತರಿಸ್ದೆ ದೇವರ ಜಗಲಿ ಮ್ಯಾಲಿಟ್ಟು ಪೂಜಾ ಮಾಡ್ಬೇಕೇನ್ರಿ?"

"ನಾ ಏನ್ ಮಾಡ್ಲರಿ, ಕಂಪನಿ ರೂಲ್ ಹಂಗ ಅದ."

ಅಷ್ಟರಾಗ ಹೊಸಾ ಮಾಲಿನ ಪೆಟ್ಟಿಗಿ ಬಂತು. ಸಾಹುಕಾರರು ಗಲ್ಲಾದ ಕೆಳಗಿಂದ ಜಂಗ್ ಹಿಡಿದ ಹಳೇ ಪಕ್ಕಡ ತೆಗೆದು, ಪೆಟ್ಟಿಗಿಗಿ ಬಿಗಿದ ತಂತಿ ಖಟ್ಟಂತ ಕತ್ತರಿಸಿದ್ರು. ಒಳಗಿದ್ದವೂ ಪಕ್ಕಡಗಳೇ, ನಂದರಂಥವೇ.

"ಆ ಹಳೇದೇ ನನಗ ಕೊಡ್ರಿ" ಅಂದೆ.

"ಏ, ಇದು ಮಾರೂದಲ್ಲರಿ. ಕೆಲಸಕ್ಕ ಬೇಕಾಗ್ತದ."

ಬಸ್ಸಿನ ಟೈಮ್ ಆಗಿತ್ತು. ಬೈಕೋತ ರೊಕ್ಕ ಕೊಟ್ಟು ಅದೇ ಪೆಟ್ಟಿಗ್ಯಾಗಿಂದ ಇನ್ನೊಂದು ತೊಗೊಂಡು ಓಡಿದೆ.

ಸಂತಪುರದಾಗ ವೈರಿನ ಸಿಪ್ಪಿ ಹಲ್ಲಿಲೇ ಸುಲಿದು ಮೋಟರ್ ಚಾಲೂ ಮಾಡ್ದೆ. ಕೊಡ ಹಿಡ್ಕೊಂಡು ನಿಂತಿದ್ದ ಮುದುಕಿ ಕೇಳಿದ್ಲು, "ಚೀಲದಾಗ ಹೊಸಾ ಪಕ್ಕಡ ಅದಲ್ಲೋ ತಮ್ಮಾ, ಹಲ್ಲು ಯಾಕ?"

"ಅದಕ್ಕ ಗುರ್ತು ಬಿದ್ರ ವಾರಂಟಿ ಹೋಗ್ತದ, ಆಯಿ. ಹಲ್ಲಿಗಿ ಆ ಚಿಂತಿ ಇಲ್ಲ."

ಆಯಿ ಜೋರಾಗಿ ನಕ್ಕಳು. ಆಕಿ ಬಾಯಾಗ ಒಂದೂ ಹಲ್ಲಿದ್ದಿಲ್ಲ.