ಹೆಡ್‌ಫೋನಿನಲ್ಲಿ ಕೇಳಿದ ಮಾತು

ಯಾರಾದರೂ "ನನಗೊಂದು ಸಲ ಹೀಗಾಯ್ತು" ಅಂತ ದನಿ ತಗ್ಗಿಸಿ ಶುರು ಮಾಡಿದರೆ ನಾನು ಅವರೆದುರೇ ನಗುತ್ತಿದ್ದೆ. ನಮ್ಮ ಚಿಕ್ಕಮ್ಮ ಅದಕ್ಕೇ ನನ್ನೆದುರು ಅಂಥ ಕಥೆ ಹೇಳುವುದನ್ನು ಬಿಟ್ಟಿದ್ದರು. ಈಗ ನಾನೇ ಹೇಳಲು ಕೂತಿದ್ದೇನೆ. ನಗಬೇಕೆನಿಸಿದರೆ ನಗಿ, ನನಗೆ ಬೇಜಾರಿಲ್ಲ.

ತ್ಯಾಗರಾಜನಗರದಲ್ಲಿ ನಾವಿರುವುದು ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯ ಮಾಲೀಕರು, ಅಂಕಲ್ ಮತ್ತು ಆಂಟಿ. ನಾನು ಜೆ.ಪಿ. ನಗರದ ಒಂದು ಶಿಶುವಿಹಾರದಲ್ಲಿ ಟೀಚರ್. ಮಕ್ಕಳಿಗೆ ಕಥೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಪೋಷಕರ ಗುಂಪಿಗೆ ಕಳಿಸುತ್ತಿದ್ದೆ. ಆ ಕಥೆಗಳಿಗೆ ನನ್ನದೇ ಸಂಗೀತ ಇರಲಿ ಅನ್ನುವ ಹುಚ್ಚು ಎರಡು ವರ್ಷದ ಹಿಂದೆ ಹತ್ತಿತು.

ಸಲಹೆ ಕೇಳಿದ್ದು ಹರಿಯನ್ನು. ಬಿ.ಟಿ.ಎಂ. ಲೇಔಟಿನವನು, ಮದುವೆ ರಿಸೆಪ್ಷನ್‌ಗಳಲ್ಲಿ ಕೀಬೋರ್ಡ್ ನುಡಿಸುತ್ತಾನೆ, ನನ್ನ ತಮ್ಮನ ಗೆಳೆಯ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ ಯಾವುದು ಸಾಕು, ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದೇ ಯಾಕೆ ಬೇಕು, ಎಲ್ಲ ಅವನೇ ಹೇಳಿಕೊಟ್ಟ. ಸಾಫ್ಟ್‌ವೇರಿನ ವಿಷಯಕ್ಕೆ ಮಾತ್ರ ಒಂದು ತಿಂಗಳು ಒದ್ದಾಡಿದೆ. ಒಂದರಲ್ಲಿ ಗುಂಡಿಗಳೇ ಗುಂಡಿಗಳು, ವಿಮಾನ ಓಡಿಸಲು ಕೂತ ಹಾಗಾಗುತ್ತಿತ್ತು. ಇನ್ನೊಂದು ನಮ್ಮ ಹಳೇ ಲ್ಯಾಪ್‌ಟಾಪನ್ನು ಮಲಗಿಸಿಬಿಡುತ್ತಿತ್ತು. ಕೊನೆಗೆ ಪುಕ್ಕಟೆ ಸಿಗುವ ಸಾದಾ ಒಂದಕ್ಕೆ ಒಗ್ಗಿಕೊಂಡೆ.

ಮೈಕಿನ ವಿಷಯದಲ್ಲಿ ಅವನ ಮಾತು ಕೇಳಲಿಲ್ಲ. "ಅಕ್ಕ, ಕಂಡೆನ್ಸರ್ ಮೈಕ್ ತಗೋಬೇಡಿ. ಪಕ್ಕದ ಬೀದಿ ಕುಕ್ಕರ್ ಕೂಗಿದ್ರೂ ಹಿಡಿದುಬಿಡತ್ತೆ" ಅಂದಿದ್ದ. ನನಗೆ ಬೇಕಿದ್ದದ್ದು ಅದೇ. ಸಣ್ಣ ಸದ್ದುಗಳನ್ನು ಹಿಡಿದು, ಒಂದೊಂದನ್ನೂ ಕೀಬೋರ್ಡಿನ ಮನೆಗಳಿಗೆ ಹಂಚಿ ವಾದ್ಯದ ಹಾಗೆ ನುಡಿಸುವ ಆಸೆ. ಸ್ಯಾಂಪ್ಲಿಂಗ್ ಅನ್ನುವುದು ಇದಕ್ಕೇ.

ಅವತ್ತು ಶಾಲೆಗೆ ರಜೆ. ಮನೆಯವರು ಆಫೀಸಿಗೆ ಹೋಗಿದ್ದರು. ಹನ್ನೊಂದೂವರೆ ಹೊತ್ತಿಗೆ ಕಿಟಕಿ, ಬಾಗಿಲು ಹಾಕಿ, ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ಶುರು ಮಾಡಿ, ಹಿತ್ತಾಳೆ ಚೊಂಬನ್ನು ಮುಂದಿಟ್ಟುಕೊಂಡು ಕೂತೆ. ಒಂದಿಷ್ಟು ನೀರು ಹಾಕುವುದು, ಚಮಚದಿಂದ ತಟ್ಟುವುದು, ಮತ್ತಷ್ಟು ನೀರು ಹಾಕುವುದು. ಚೊಂಬು ತುಂಬುತ್ತ ಬಂದ ಹಾಗೆ ಅದರ ನಾದ ಬದಲಾಗುವುದನ್ನು ಕೇಳಲು ಖುಷಿಯಾಗುತ್ತಿತ್ತು.

ಆರೋ ಏಳೋ ಸಲ ತಟ್ಟಿರಬೇಕು. ಹೆಡ್‌ಫೋನಿನಲ್ಲಿ, ಬಲಕಿವಿಯ ಹತ್ತಿರ, ಒಂದು ಹೆಂಗಸಿನ ದನಿ ನಿಧಾನವಾಗಿ ಹೇಳಿತು: "ಹಾಲು ನೋಡಮ್ಮ."

ನನಗೆ ಭಯವೇನೂ ಆಗಲಿಲ್ಲ. ಕೆಳಗಿನ ಆಂಟಿ ಮೆಟ್ಟಿಲಿನಿಂದ ಕೂಗಿದ್ದನ್ನು ಮೈಕು ಹಿಡಿದಿದೆ ಅಂದುಕೊಂಡೆ. "ನಮ್ಮನೇಲಿ ಹಾಲಿಟ್ಟಿಲ್ಲ ಆಂಟಿ" ಅಂತ ಕೂತಲ್ಲಿಂದಲೇ ಕೂಗಿ ಹೆಡ್‌ಫೋನ್ ತೆಗೆದೆ. ಮನೆಯಲ್ಲಿ ಸದ್ದಿಲ್ಲ. ಮತ್ತೆ ಹಾಕಿಕೊಂಡೆ. ಅದೇ ದನಿ, ಅಷ್ಟೇ ತಾಳ್ಮೆಯಲ್ಲಿ: "ಹಾಲು ನೋಡಮ್ಮ."

ಯಾಕೆ ಎದ್ದೆನೋ ಗೊತ್ತಿಲ್ಲ. ಚೊಂಬು ಕೈಯಲ್ಲೇ ಇತ್ತು. ಬಾಗಿಲು ತೆಗೆದು ನಾಲ್ಕು ಮೆಟ್ಟಿಲು ಇಳಿದಾಗ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು.

ಕೆಳಗಿನ ಬಾಗಿಲು ಒಳಗಿನಿಂದ ಹಾಕಿತ್ತು. ಬೆಲ್ ಒತ್ತಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಗ್ಯಾಸ್ ಸೋರುವಾಗ ಸ್ವಿಚ್ ಮುಟ್ಟಬಾರದು ಅನ್ನುವಷ್ಟು ತಲೆಯಲ್ಲಿತ್ತು. ಬಾಗಿಲು ಬಡಿದೆ, "ಅಂಕಲ್! ಅಂಕಲ್!" ಅಂತ ಕಿರುಚಿದೆ. ಅವರಿಗೆ ಕಿವಿ ಮಂದ. ಪಕ್ಕದ ಓಣಿಗೆ ಓಡಿ ರೂಮಿನ ಕಿಟಕಿ ನೂಕಿದೆ. ಅಂಕಲ್ ಮಂಚದ ಮೇಲೆ ಅಂಗಾತ ಮಲಗಿದ್ದರು. ಕೂಗಿದರೆ ಅಲ್ಲಾಡಲಿಲ್ಲ. ಕಂಬಿಯ ಸಂದಿಯಿಂದ ಚೊಂಬಿನ ನೀರನ್ನೆಲ್ಲ ಅವರ ಮುಖಕ್ಕೆ ಎರಚಿಬಿಟ್ಟೆ.

"ಏನಮ್ಮಾ ಇದು, ತಲೆ ಕೆಟ್ಟಿದ್ಯಾ ನಿಂಗೆ!" ಅಂತ ದಡಬಡಿಸಿ ಎದ್ದು ಕೂತರು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು.

"ಗ್ಯಾಸ್ ಅಂಕಲ್, ಗ್ಯಾಸ್! ಲೈಟ್ ಹಾಕ್ಬೇಡಿ!" ಕೈಸನ್ನೆ ಮಾಡಿ ಅರ್ಥ ಮಾಡಿಸಿದೆ. ಅವರು ಬಾಗಿಲು ತೆಗೆದರು. ನಾನು ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿ ಸಿಲಿಂಡರ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದೆ. ಒಲೆಯ ಮೇಲೆ ಹಾಲು ಉಕ್ಕಿ, ಉರಿ ಆರಿಹೋಗಿತ್ತು. ಇಬ್ಬರೂ ಅಂಗಳಕ್ಕೆ ಬಂದು ಕೂತೆವು. ಅಂಕಲ್ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, "ನೆಗಡಿ ಮಾತ್ರೆ ನುಂಗಿದ್ದೆ ಕಣಮ್ಮ, ನಿದ್ದೆ ಹತ್ಬಿಡ್ತು" ಅಂದರು.

ಆಂಟಿ ಮನೆಯಲ್ಲಿರಲೇ ಇಲ್ಲ. ಹತ್ತಿರದ ಶ್ರೀನಗರದಲ್ಲಿರುವ ಅವರ ಅಕ್ಕನ ಮನೆಗೆ ಹೋಗಿದ್ದರು. ಹೊರಡುವಾಗ ಹಾಲು ಇಟ್ಟಿದ್ದೇನೆ, ಆರಿಸಿ ಅಂದಿದ್ದರು. ಅಂಕಲ್ ಕೇಳಿಸದೆಯೇ ಹೂಂಗುಟ್ಟಿದ್ದರು. ಮಧ್ಯಾಹ್ನ ಬಂದ ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಆಮೇಲೆ, ಅವರಿಗೆ ಆ ಹೊತ್ತಿನಲ್ಲಿ ಹಾಲಿನ ಯೋಚನೆಯೇನಾದರೂ ಬಂದಿತ್ತಾ ಅಂತ ಕೇಳಿದೆ.

"ಇಲ್ಲ ಕಣಮ್ಮ. ಅಕ್ಕನ ಜೊತೆ ಹರಟ್ತಾ ಹಾಲಿನ ಜ್ಞಾಪಕಾನೇ ಇರ್ಲಿಲ್ಲ."

ನಡೆದದ್ದನ್ನು ಹೇಳಿ ಕರೆದದ್ದಕ್ಕೆ ಸಂಜೆ ಹರಿ ಬಂದು ಫೈಲ್ ತೆರೆದು ಕೇಳಿದ. ಚೊಂಬಿನ ಸದ್ದುಗಳು ಒಂದೂ ಬಿಡದೆ ಇದ್ದವು. ನಂತರ ಕೆಲವು ಕ್ಷಣ ಮೌನ, ತೆರೆಯ ಮೇಲೆ ನೆಟ್ಟಗಿನ ಗೆರೆ. ಆಮೇಲೆ ನನ್ನ ದನಿ: "ನಮ್ಮನೇಲಿ ಹಾಲಿಟ್ಟಿಲ್ಲ ಆಂಟಿ."

"ಹೆಡ್‌ಫೋನಲ್ಲಿ ಮೈಕಿಂದ ಬಂದಿದ್ದು ಫೈಲಲ್ಲಿ ಇರ್ಲೇಬೇಕು ಅಕ್ಕ" ಅಂದ. ಮೂರು ಸಲ ಹಿಂದೆ ಮುಂದೆ ಮಾಡಿ ಕೇಳಿ, ಲ್ಯಾಪ್‌ಟಾಪ್ ಮುಚ್ಚಿಟ್ಟ.

ಮೊದಲು ವಾಸನೆ ಬಡಿದು, ಮನಸ್ಸೇ ಅದನ್ನು ಮಾತಾಗಿಸಿತು ಅಂತ ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಗ್ಯಾಸ್ ಅಂತ ಹೇಳುವ ಬದಲು ಹಾಲು ಅಂತ ಯಾಕೆ ಹೇಳಿತು? ನೆನಪಿಸಿಕೊಂಡಷ್ಟೂ ಅದು ಆಂಟಿಯ ದನಿ ಅಲ್ಲವೇ ಅಲ್ಲ ಅನಿಸುತ್ತದೆ. ನನಗೆ ಗೊತ್ತಿರುವ ಯಾರ ದನಿಯೂ ಅಲ್ಲ. ಆ ಫೈಲನ್ನು ಅಳಿಸಿಲ್ಲ. ನಾನು ಉತ್ತರ ಕೊಟ್ಟದ್ದು ಅದರಲ್ಲಿದೆ. ಯಾರಿಗೆ ಕೊಟ್ಟೆ ಅನ್ನುವುದು ಇವತ್ತಿಗೂ ಗೊತ್ತಿಲ್ಲ.