ನನಗೊಬ್ಬನಿಗೇ ಕೇಳಿಸದ ಕಿರುಚಾಟ

ನಮ್ಮ ಕಾರು ಕಿರುಚುತ್ತದೆ ಎಂಬ ಸುದ್ದಿ ದಾಂಡೇಲಿಯ ಅಂಬೇವಾಡಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವನು ಅದನ್ನು ದಿನವೂ ಓಡಿಸುತ್ತಿದ್ದ ನಾನು. ಎದುರು ಮನೆಯ ಕಂದು ನಾಯಿಗೂ ಗೊತ್ತಿತ್ತು. ಮುಂಜಾನೆ ನಾನು ಕೀಲಿ ತಿರುಗಿಸುವುದೇ ತಡ, ಅದು ಮಲಗಿದಲ್ಲಿಂದ ಎದ್ದು, ಕತ್ತು ಮೇಲೆತ್ತಿ ಊಳಿಡಲು ಶುರುಮಾಡುತ್ತಿತ್ತು. ಅದರ ಊಳು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ದೋಷವೆಲ್ಲ ನಾಯಿಯದೇ ಎಂದು ತೀರ್ಮಾನಿಸಿ, ಅದರ ಮಾಲೀಕರ ಮನೆಗೆ ಹೋಗಿ ದೂರು ಹೇಳಿ ಬಂದೆ. ಅವರು ನನ್ನನ್ನು ಬಾಗಿಲವರೆಗೆ ಕಳಿಸಿಕೊಡುತ್ತ, "ಆತ್ರೀ, ಅದಕ್ಕ ಬುದ್ಧಿ ಹೇಳ್ತೇನಿ" ಎಂದರು. ಆ ಮಾತಿನೊಳಗಿನ ಕುಹಕ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಮನೆಯಾಕೆ ಮಹಾದೇವಿಗಂತೂ ಮೊದಲ ದಿನದಿಂದಲೇ ಗೊತ್ತಿತ್ತು. ಅವಳು ಮುಂಡಗೋಡ ಕಡೆಯ ಒಕ್ಕಲುತನದ ಮನೆಯವಳು. ಮುಂಜಾನೆ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಪೂಜೆಗೆ ಕೂತಾಗಲೂ, ಹಿತ್ತಲಲ್ಲಿ ಬೆಕ್ಕು ಹಾಲಿನ ಮುಚ್ಚಳ ಸರಿಸಿದ್ದು ಅವಳಿಗೆ ಕೇಳುತ್ತದೆ. ಅಂಥವಳು ಕಾರಿನಲ್ಲಿ ನನ್ನ ಪಕ್ಕ ಕೂತು, ಸೆರಗನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದಳು.

"ಅಲ್ರೀ, ಕಾರ್ ಹಿಂಗ ಒದರಾಕತ್ತೈತಿ, ನಿಮಗ ಕೇಳ್ಸವಲ್ದೇನು?"

"ಒದರಾಕ ಅದೇನ ಎಮ್ಮಿಯೇನು? ಎಂಜಿನ್ ಅಂದಮ್ಯಾಲ ಸ್ವಲ್ಪ ಸೌಂಡ್ ಇರತೈತಿ" ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ.

ಈ ಗಾಂಭೀರ್ಯಕ್ಕೆ ಕಾರಣವಿದೆ. ನಾನು ಮೂವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅದರಲ್ಲೂ ರಾಡಿನ ಫಿಟ್ಟರ್. ಕಾಗದ ಒಣಗಿಸುವ ದೊಡ್ಡ ಉರುಳೆಗಳು ಸಾಲಾಗಿ ತಿರುಗುತ್ತಿರುತ್ತವೆ. ಅವುಗಳ ಬೇರಿಂಗ್ ಪೂರ್ತಿ ಕೆಡುವ ಮೊದಲೇ ಕಂಡುಹಿಡಿಯಬೇಕು. ಅದಕ್ಕೊಂದು ಉದ್ದನೆಯ ಉಕ್ಕಿನ ರಾಡು. ಒಂದು ತುದಿ ಬೇರಿಂಗಿನ ಮೇಲೆ, ಇನ್ನೊಂದು ತುದಿ ಕಿವಿಯ ಹಿಂದಿನ ಎಲುಬಿಗೆ. ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಒಳಗಿನ ಗುಂಡುಗಳ ಕ್ಷೇಮಸಮಾಚಾರವೆಲ್ಲ ತಿಳಿಯುತ್ತದೆ. "ಇದು ಇನ್ನ ಎಂಟ ದಿನ ಬರತೈತಿ" ಎಂದು ನಾನು ಹೇಳಿದರೆ ಅದು ಎಂಟೇ ದಿನ ಬರುತ್ತಿತ್ತು. ಒಂದೆರಡು ಸಲ ಆ ಸಂಜೆಯೇ ಕೈಕೊಟ್ಟದ್ದೂ ಉಂಟು. ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ನಾನೂ ನೆನಪಿಸಲು ಹೋಗುವುದಿಲ್ಲ. ಅಲ್ಲಿ ಕಿವಿಗೆ ಹಾಕಿಕೊಳ್ಳಲು ಬಿರಡೆ ಕೊಡುತ್ತಿದ್ದರು. ಕಿವಿಯಿಂದಲೇ ಅನ್ನ ತಿನ್ನುವ ನಮಗೆ ಬಿರಡೆ ಯಾಕೆಂದು ನಾವು ಅದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಓಡಾಡಿದೆವು. ಪ್ರಾಯದ ಸೊಕ್ಕು, ಮತ್ತೇನಲ್ಲ.

ಇಂಥ ಕಿವಿಯ ಮೇಲೆ ಹೆಂಡತಿ ಅನುಮಾನಪಟ್ಟರೆ ಸುಮ್ಮನಿರಲಾದೀತೆ? ಒಂದು ಭಾನುವಾರ ತಜ್ಞರ ಸಮಿತಿಯನ್ನೇ ಕರೆಸಿದೆ. ಅಂದರೆ ನನ್ನ ಜೊತೆಗೇ ನಿವೃತ್ತರಾದ ಮೂವರು ಫಿಟ್ಟರುಗಳನ್ನು. ಎಲ್ಲರೂ ಸಪತ್ನೀಕರಾಗಿ ಚಹಾಕ್ಕೆ ಬಂದರು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ನಾಲ್ಕು ಬಿಳಿ ತಲೆಗಳು ಅದರ ಮೇಲೆ ಬಗ್ಗಿದವು. ಒಬ್ಬ ಎಡಗಿವಿ ಕೊಟ್ಟ, ಒಬ್ಬ ಬಲಗಿವಿ ಕೊಟ್ಟ. ಎಲ್ಲರಿಗಿಂತ ಹಿರಿಯನಾದ ಪರಪ್ಪ ಕೊನೆಗೆ ಸೊಂಟ ನೆಟ್ಟಗೆ ಮಾಡಿಕೊಂಡು, "ಏ, ರೇಷ್ಮಿ ಹಂಗ ಓಡಾಕತ್ತೈತೋ ಮಾರಾಯಾ!" ಎಂದು ಓಣಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟ. ನಾವು ನಾಲ್ವರೂ ಮಾತಾಡುವುದೇ ಆ ದನಿಯಲ್ಲಿ, ಯಂತ್ರದ ಮನೆಯ ರೂಢಿ. ನಾನು ಗೆದ್ದ ಹುಮ್ಮಸ್ಸಿನಲ್ಲಿ ಕಟ್ಟೆಯ ಕಡೆ ತಿರುಗಿದೆ. ಅಲ್ಲಿ ನಮ್ಮ ನಾಲ್ವರ ಹೆಂಡಂದಿರೂ ಸಾಲಾಗಿ ಕೂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು. ನಾಯಿ ಊಳಿಡುತ್ತಿತ್ತು. ನಾಲ್ಕು ಜೊತೆ ಕಿವಿಗಳೂ ಒಂದೇ ಯಂತ್ರದ ಪಕ್ಕ ಒಂದೇ ಸಮನೆ ಸವೆದಂಥವು ಎಂಬುದು ನಮ್ಮ ಸಮಿತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಇನ್ನೊಂದು ಸುತ್ತು ಚಹಾ ಕುಡಿದು ಎದ್ದೆವು.

ಸದ್ದಿನ ವಿಷಯದಲ್ಲಿ ನಮ್ಮ ಕನ್ನಡಕ್ಕೆ ಬಡತನವಿಲ್ಲ. ಮಳೆ ಜಿಟಿಜಿಟಿ ಎನ್ನುತ್ತದೆ, ಬಂಡಿ ಗಡಗಡ ಎನ್ನುತ್ತದೆ, ಒಗ್ಗರಣೆ ಚುಂಯ್ ಎನ್ನುತ್ತದೆ. ಆದರೆ ಕೆಟ್ಟ ಕಾರಿನ ಸದ್ದನ್ನು ಇನ್ನೊಬ್ಬರಿಗೆ ಹೇಳಲು ಹೋಗಿ ನೋಡಿ, ಭಾಷೆಯ ಸಿರಿತನವೇ ತೊಡಕಾಗುತ್ತದೆ. ಪಾಟಿಯ ಮೇಲೆ ಮೊಳೆ ಎಳೆದಂತೆ ಎಂದಳು ಮಹಾದೇವಿ. ಹಂದಿಮರಿಯ ಕಾಲು ಹಿಡಿದಂತೆ ಎಂದರು ಪಕ್ಕದ ಮನೆಯವರು. ಹಾಲಿನವನು ಬಾಯಲ್ಲೇ ಮಾಡಿ ತೋರಿಸಿದ. ಅದೂ ನನಗೆ ಕೇಳಿಸಲಿಲ್ಲ, ಅವನ ತುಟಿ ಚೂಪಾದದ್ದು ಮಾತ್ರ ಕಂಡಿತು.

ಆ ಚೂಪು ತುಟಿಯ ಮುಂದೆ ನಿಂತಾಗ ದೋಷ ನನ್ನ ಕಿವಿಯದೇ ಇರಬಹುದು ಎನಿಸಿತು ಎಂದು ನಿಮ್ಮೊಬ್ಬರ ಹತ್ತಿರ ಒಪ್ಪಿಕೊಳ್ಳುತ್ತೇನೆ. ಅನುಮಾನ ಅದಕ್ಕೂ ಮೊದಲೇ ಇತ್ತು. ಒಂದು ದಿನ ಕೈಗಡಿಯಾರ ಕಿವಿಗೆ ಹಿಡಿದರೆ ಸದ್ದಿಲ್ಲ. ಸೆಲ್ ಹೋಯಿತೆಂದು ಅಂಗಡಿಗೆ ಒಯ್ದರೆ, ಆತ "ನಡದೈತಲ್ರೀ ಕಾಕಾ, ಟಿಕ್ ಟಿಕ್ ಅನ್ನಾಕತ್ತೈತಿ" ಎಂದು ತಿರುಗಿ ಕೊಟ್ಟ. ಗಡಿಯಾರ ಹಳೆಯದಾಯಿತು ಎಂದು ನಾನು ಅದನ್ನೇ ಬೈದೆ. ಇನ್ನೊಂದು ದೊಡ್ಡ ಫಜೀತಿಯೂ ಇದೆ. ಪ್ರತಿ ಭಾನುವಾರ ನಾನೂ ಮಹಾದೇವಿಯೂ ಕಾರಿನಲ್ಲಿ ಜೋಯಿಡಾ ಕಡೆ ಹೋಗುತ್ತೇವೆ, ಮನಸ್ಸು ಬಂದರೆ ಅನಮೋಡದವರೆಗೂ. ಕಿಟಕಿಯ ಗಾಜು ಇಳಿಸಿದರೆ ಮೊದಲೆಲ್ಲ ಕಾಡು ತುಂಬ ಜೀರುಂಡೆ. ಈಚೆಗೆ ಒಂದೂ ಇಲ್ಲ. ನಿವೃತ್ತರ ಸಭೆಯೊಂದರಲ್ಲಿ ಎದ್ದು ನಿಂತು, "ಜೀರುಂಡೆ ಇಲ್ಲದ ಕಾಡು ಕಾಡೇ ಅಲ್ಲ, ಎಲ್ಲ ಹಾಳಾಗಿ ಹೋಯಿತು" ಎಂದು ಭಾಷಣ ಮಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಪರಪ್ಪ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನಲ್ಲಿ ಹೆಂಗಸರು ಮುಖ ಮುಖ ನೋಡಿಕೊಂಡದ್ದನ್ನು ನಾನು ದುಃಖವೆಂದೇ ತಿಳಿದೆ.

ಕಣ್ಣಿಗೆ ಕನ್ನಡಕ ಬಂದರೆ ಮನುಷ್ಯನಿಗೆ ಓದಿದವನ ಕಳೆ ಬರುತ್ತದೆ. ಕಿವಿಗೆ ಯಂತ್ರ ಬಂದರೆ ಮುದುಕನಾದ ಎನ್ನುತ್ತಾರೆ. ಕಿವುಡರ ನಗೆಹನಿಗಳನ್ನು ನಾನೇ ಎಷ್ಟು ಹೇಳಿ ನಗಿಸಿಲ್ಲ! ಆ ನಗೆಹನಿಯೊಳಗೆ ನಾನೇ ಹೋಗಿ ಕೂರುವುದು ಬೇಡವಾಗಿತ್ತು. ಅದಕ್ಕಿಂತ ಹೆಚ್ಚಿನ ಹೆದರಿಕೆ ಕಾರಿನದು. ನನ್ನ ಕಿವಿಯ ಸಂಗತಿ ಗೊತ್ತಾದರೆ ಮಹಾದೇವಿ ಕೀಲಿ ಕಸಿದುಕೊಳ್ಳುತ್ತಾಳೆ. ಕೀಲಿ ಹೋದರೆ ಭಾನುವಾರ ಹೋಯಿತು. ಮನೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಒದರಾಡುತ್ತೇವೆ, ಅಷ್ಟೇ. ಮನಸ್ಸು ಬಿಚ್ಚಿ ಮಾತಾಡುವುದು ಆ ಕಾರಿನ ಮುಂದಿನ ಎರಡು ಸೀಟಿನಲ್ಲಿ ಮಾತ್ರ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಹೀಗಿರುವಾಗ ಮುಂಡಗೋಡದಲ್ಲಿ ಅವಳ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಹಿಂದಿನ ದಿನ ಮುಂಜಾನೆ ಮಹಾದೇವಿ ಸೀರೆ ಮಡಚುತ್ತ ಸ್ಪಷ್ಟವಾಗಿ, ನನ್ನ ಮುಖದ ಎದುರಿಗೇ ನಿಂತು ಹೇಳಿದಳು.

"ನಾ ಹಳಿಯಾಳಕ್ಕ ಹೋಗಿ ಬಸ್ ಹಿಡೀತೇನಿ. ನೀವು ಬೇಕಾದ್ರ ನಿಮ್ಮ ರೇಷ್ಮಿ ಕಾರ್ ತಗೊಂಡ ಬರ್ರಿ. ಬಂದಮ್ಯಾಲ ಅದನ್ನ ಮಾರಿಬಿಡೂಣು. ಕಾಡಿನ್ಯಾಗ ನಿಂತಬಿಟ್ರ ಯಾರ್ನ ಕರೀಬೇಕು?"

ನಾನು ಆಗಲೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಳಿಯಾಳಕ್ಕೆ, ಬಸ್ತ್ಯಾಂವ್ ಎಂಬ ಮೆಕ್ಯಾನಿಕನ ಗ್ಯಾರೇಜಿಗೆ ಹೋದೆ. ಹಿಂದಿನ ಸರ್ವೀಸಿನಲ್ಲಿ ಮಹಾದೇವಿಯ ಒತ್ತಾಯಕ್ಕೆ ಎಂಜಿನ್ನಿನ ಬೆಲ್ಟ್ ಬದಲಾಯಿಸಿದ್ದವನು ಅವನೇ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿದ್ದವು. ಬಸ್ತ್ಯಾಂವ್ ಅವಸರದ ಮನುಷ್ಯನಲ್ಲ. ಸ್ಪ್ಯಾನರ್ ಮುಟ್ಟುವ ಮೊದಲು ವೈದ್ಯರ ಹಾಗೆ ಕೂಡಿಸಿ ಕೇಳುತ್ತಾನೆ.

"ಸೌಂಡ್ ಯಾವಾಗ ಬರತೈತ್ರೀ? ಚಾಲೂ ಮಾಡಿದ ಕೂಡ್ಲೆ ಏನ, ಎಸಿ ಹಾಕಿದಾಗ ಏನ?"

ನಾನು ಕೆಮ್ಮಿದೆ. ರಸ್ತೆ ನೋಡಿದೆ. ಕಬ್ಬಿನ ಹೇರುಗಳನ್ನು ಎಣಿಸುವವನಂತೆ ನಿಂತೆ. ಮಹಾದೇವಿ ಸರಾಗವಾಗಿ ಶುರುಮಾಡಿದಳು: ಮುಂಜಾನೆ ಚಾಲೂ ಮಾಡಿದಾಗ ಜಾಸ್ತಿ, ಎಸಿ ಹಾಕಿದರೆ ಇನ್ನೂ ಜಾಸ್ತಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದರಂತೂ ಹೇಳುವುದೇ ಬೇಡ. ಬಸ್ತ್ಯಾಂವ್ ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದ.

"ಅಕ್ಕಾರ್ ಹೇಳಿದ್ದು ಬರೋಬ್ಬರಿ ಐತಿ. ನಿಮಗ ಹೆಂಗ ಕೇಳಸ್ತೈತ್ರೀ?"

ಸುಳ್ಳು ಹೇಳಲು ಬಾಯಿ ತೆರೆದೆ. ಸಾಕಾಗಿ ಹೋಗಿತ್ತು.

"ನನಗ ಕೇಳ್ಸೂದs ಇಲ್ಲೋ ಬಸ್ತ್ಯಾಂವ್" ಎಂದೆ.

"ಗೊತ್ತೈತಿ" ಎಂದಳು ಮಹಾದೇವಿ. "ಎರಡ ವರ್ಷ ಆತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳೇನಿ. ನಿಮಗ ಕೇಳ್ಸಿಲ್ಲ."

ಬಸ್ತ್ಯಾಂವ್ ನಗು ತಡೆಯಲು ಬಾನೆಟ್ಟಿನೊಳಗೆ ತಲೆ ಹಾಕಿದ. ನನಗೆ ನಾಚಿಕೆಯಾಗಬೇಕಿತ್ತು. ಬದಲಿಗೆ ಹೊತ್ತುಕೊಂಡ ಮೂಟೆ ಇಳಿಸಿದಂತೆ ಹಾಯೆನಿಸಿತು. ನಾನೂ ನಕ್ಕೆ.

ಆಮೇಲೆ ಕೆಲಸ ಸಲೀಸಾಯಿತು. ಎಂಜಿನ್ ಚಾಲೂ ಇಟ್ಟು, ಮಹಾದೇವಿಯನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಸದ್ದು ಬಂದರೆ ಬೆರಳು ಮೇಲೆ, ನಿಂತರೆ ಕೆಳಗೆ. ಮೂವತ್ತು ವರ್ಷ ಯಂತ್ರದ ಮನೆಯಲ್ಲಿ ಕೈಸನ್ನೆಯಲ್ಲೇ ಸಂಸಾರ ಮಾಡಿದವನಿಗೆ ಇದಕ್ಕಿಂತ ಸುಲಭ ಯಾವುದು? ಬಸ್ತ್ಯಾಂವ್ ತಿರುಗುತ್ತಿದ್ದ ಬೆಲ್ಟಿನ ಮೇಲೆ ಬಾಟಲಿಯಿಂದ ನೀರು ಚಿಮುಕಿಸಿದ. ಬೆರಳು ಕೆಳಗಿಳಿಯಿತು. ನೀರು ಆರಿತು. ಬೆರಳು ಮೇಲೆದ್ದಿತು.

"ಒದರೂದು ಬೆಲ್ಟs. ಆದ್ರ ಬೆಲ್ಟ್ ಹೊಸಾದು" ಎಂದು ಅವನು ಗದ್ದ ಕೆರೆದುಕೊಂಡ. "ಅಂದ್ರ ಅದು ಸುತ್ತಿಕೊಂಡಿರೋ ಗಾಲಿಗಳೊಳಗ ಯಾವುದೋ ಒಂದು ಬಿಗೀ ಹಿಡದೈತಿ. ಡೈನಾಮೋ ಬಿಚ್ಚಿ ನೋಡಬೇಕ್ರೀ. ಎರಡ ದಿನಾ ಬಿಟ್ಟ ಹೋಗ್ರಿ."

ಎರಡು ದಿನ! ತೊಟ್ಟಿಲು ನಾಳೆ. ಮಹಾದೇವಿ ಆಗಲೇ ಬಸ್ ಸ್ಟ್ಯಾಂಡಿನ ಕಡೆ ನೋಡತೊಡಗಿದ್ದಳು. ನನ್ನ ಕಣ್ಣು ಗೋಡೆಗೆ ಒರಗಿಸಿದ್ದ ಒಂದು ಮೊಳದ ಸ್ಕ್ರೂಡ್ರೈವರ್ ಮೇಲೆ ಬಿತ್ತು. "ಅದನ್ನ ಕೊಡು ಇಲ್ಲೆ" ಎಂದೆ.

ತುದಿಯನ್ನು ಡೈನಾಮೋ ಮೇಲೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದೆ. ಇದೂ ಕೇಳಿಸದಿದ್ದರೆ? ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೊಂಯ್ ಎಂಬ ದಪ್ಪ ದನಿ, ನೆಮ್ಮದಿಯಿಂದ ತಿರುಗುವ ಬೇರಿಂಗಿನದು, ತಲೆಯೊಳಗೆ ತುಂಬಿಕೊಂಡಿತು. ನನ್ನ ಕಿವಿಯಿಂದ ಹೋದದ್ದು ಚೂಪಾದ ಸಣ್ಣ ದನಿ ಮಾತ್ರ; ದಪ್ಪ ದನಿ ಹಾಗೇ ಇತ್ತು! ನೀರಿನ ಪಂಪಿಗೆ ಹಿಡಿದೆ, ಅದೂ ಆರೋಗ್ಯ. ಕೊನೆಗೆ ಬೆಲ್ಟನ್ನು ಬಿಗಿಯಾಗಿ ಒತ್ತಿ ಹಿಡಿಯುವ ಸಣ್ಣ ಗಾಲಿಯೊಂದಿದೆ, ಅದರ ನಡುವಿನ ಬೋಲ್ಟಿಗೆ ಇಟ್ಟೆ. ಕರಕರ, ಕರಕರ. ಅನ್ನದಲ್ಲಿ ಹರಳು ಸಿಕ್ಕಂತೆ. ಒಂದಲ್ಲ, ಬಾಯಿ ತುಂಬ.

"ಇದs! ಇದs ನೋಡು!" ಎಂದು ಒದರಿದೆ. ಟ್ರ್ಯಾಕ್ಟರಿನವನೊಬ್ಬ ಬ್ರೇಕ್ ಹಾಕಿ ನೋಡಿದ.

ಬಸ್ತ್ಯಾಂವ್ ಎಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಆ ಗಾಲಿಯನ್ನು ಬೆರಳಿನಿಂದ ತಿರುಗಿಸಿದ. ಹಗುರಾಗಿ ತಿರುಗಬೇಕಾದದ್ದು ಅರ್ಧ ಸುತ್ತಿಗೆ ತಿಣುಕಿ ನಿಂತಿತು. ಅವನು ಅದನ್ನು ನನ್ನ ಅಂಗೈಯಲ್ಲಿ ಇಟ್ಟು, "ಫಿಟ್ಟರ್ ಸಾಹೇಬ್ರ, ನಿಮಗ ಕೇಳ್ಸೂದಿಲ್ಲ ಅಂದವ್ರು ಯಾರ್ರೀ?" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆ, ಟ್ರ್ಯಾಕ್ಟರಿನ ಹೊಗೆ ಎಂದೆ. ಅದೃಷ್ಟಕ್ಕೆ ಎದುರಿನ ಅಂಗಡಿಯಲ್ಲೇ ಹೊಸ ಗಾಲಿ ಸಿಕ್ಕಿತು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಕೂಡಿಸಿದ. ಎಂಜಿನ್ ಚಾಲೂ ಆಯಿತು, ಎಸಿ ಹಾಕಿದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಮಹಾದೇವಿಯ ಬೆರಳು ಮೇಲೇಳಲೇ ಇಲ್ಲ. ಅವಳು ಸ್ಟೂಲಿನಿಂದ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ಕೀಲಿ?" ಎಂದು ನಾನು ಅಳುಕುತ್ತ ಕೇಳಿದೆ.

"ನೀವs ಓಡಸ್ರಿ. ಹಾರ್ನ್ ನಾ ಕೇಳ್ತೇನಿ. ಆದ್ರ ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸೂಣು."

"ಆತು" ಎಂದೆ. ಇಷ್ಟು ಬೇಗ ಒಪ್ಪಿದ್ದಕ್ಕೆ ಅವಳೇ ಗಾಬರಿಯಾದಳು.

ಮರುದಿನ ಮುಂಜಾನೆ ಕೀಲಿ ತಿರುಗಿಸಿ ಮೊದಲು ನಾಯಿಯನ್ನು ನೋಡಿದೆ. ಅದು ಒಂದು ಕಣ್ಣು ತೆರೆದು, ಮುಚ್ಚಿ, ಮಗ್ಗುಲು ಬದಲಿಸಿತು. ಅದರ ಮಾಲೀಕರು ಕಟ್ಟೆಯಿಂದ ಕೈ ಮುಗಿದರು. ಕಲಘಟಗಿ ಬರುವ ಮೊದಲೇ ಮಹಾದೇವಿ ನಿದ್ದೆಹೋದಳು. ಎಷ್ಟೋ ತಿಂಗಳಿಂದ ಈ ಕಾರಿನಲ್ಲಿ ಅವಳು ಕಣ್ಣು ಮುಚ್ಚಿರಲಿಲ್ಲ. ಸೀಟಿಗೆ ಒರಗಿದ ಅವಳ ತಲೆ ನೋಡಿ ನೋಡಿ ನಾನು ಎಂಜಿನ್ನಿನ ಸದ್ದಿಲ್ಲದಿರುವುದನ್ನು ಖಾತ್ರಿ ಮಾಡಿಕೊಂಡೆ. ಮುಂಡಗೋಡದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರು. ಅದು ಕಿಟಾರನೆ ಅತ್ತಿತಂತೆ. ನಾನೊಬ್ಬನೇ ನೆಮ್ಮದಿಯಿಂದ ಹೋಳಿಗೆ ತಿಂದೆ.

ಮರಳಿ ಬರುವಾಗ ಹಳಿಯಾಳ ದಾಟಿ ಕಾಡು ಶುರುವಾಗುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಮಹಾದೇವಿ ತನ್ನ ಕಡೆಯ ಗಾಜನ್ನು ಅರ್ಧ ಇಳಿಸಿದಳು. ನಾನು ರೂಢಿಯಂತೆ ನಿಟ್ಟುಸಿರು ಬಿಟ್ಟು, ಜೀರುಂಡೆಯೊಂದೂ ಇಲ್ಲ ಎನ್ನಲು ಬಾಯಿ ತೆರೆದವನು, ತಡೆದು ಅವಳನ್ನು ಕೇಳಿದೆ.

"ಜೀರುಂಡಿ ಅದಾವೇನು?"

ಅವಳು ಸೆರಗು ಸರಿಸಿ ಕಿಟಕಿಗೆ ಕಿವಿ ಕೊಟ್ಟಳು.

"ಅಯ್ಯ, ಕಾಡ ತುಂಬ ಅದಾವ್ರೀ. ಕಿವಿ ಹಾರಿ ಹೋಗೂ ಹಂಗ ಒದರಾಕತ್ತಾವು."

"ಹೆಂಗ ಒದರಾಕತ್ತಾವು?"

"ಥೇಟ್ ನಮ್ಮ ಕಾರ್ ಒದರಿದಂಗ."

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ನಗಲು ಶುರುಮಾಡಿದೆ. ಕಾಡು ಹಾಳಾಯಿತೆಂದು ಎರಡು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ದುಃಖ ನಗುವಾಗಿ ಹೊರಬಂತು. ಕಾಡಿಗೆ ಏನೂ ಆಗಿರಲಿಲ್ಲ. ಹಾಳಾದದ್ದು ನನ್ನ ಎರಡು ಕಿವಿ ಮಾತ್ರ. ಇಷ್ಟರಲ್ಲೇ ಮುಗಿಯಿತಲ್ಲ ಎಂದು ಅಲ್ಲಿಯೇ ಕಾಡಿಗೆ ಒಂದು ಸಲ ಕೈ ಮುಗಿದು, ಅವಳಾದರೂ ಚೆನ್ನಾಗಿ ಕೇಳಲಿ ಎಂದು ಅವಳ ಕಡೆಯ ಗಾಜನ್ನು ಪೂರ್ತಿ ಕೆಳಗಿಳಿಸಿದೆ.