ಬಾಕೀಸನ ಚೂರಿಗೆ ಯಾವ ಎಣ್ಣೆ

ಅವತ್ತು ಬೆಳಿಗ್ಗೆ ಬಾಕೀಸ್ ದಪ್ಪ ರೊಟ್ಟಿಯನ್ನು ಎದೆಗೆ ಒತ್ತಿ ಹಿಡಿದು ಕೊಯ್ದ. ಅವನು ಕೊಯ್ಯುತ್ತಿದ್ದದ್ದೇ ಹಾಗೆ, ಅಲಗು ತನ್ನ ಕಡೆಗೆ. ಮೇಜಿನ ಮೇಲಿಟ್ಟು ಕೊಯ್ಯಿ ಅಂತ ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ಆಮೇಲೆ ಬಿಟ್ಟೆ. ಒಂದು ತುಂಡು ಕುರಿಹಾಲಿನ ಚೀಸನ್ನು ಚೂರಿಯ ತುದಿಯಲ್ಲೇ ನನ್ನ ಕಡೆ ಚಾಚಿದ.

"ತಗೋ, ಮದಲೇನಾ."

"ಉಪ್ಪು ಜಾಸ್ತಿ ಆಗಿದೆ."

"ಉಪ್ಪಲ್ಲ, ನಿನ್ ನಾಲಿಗೆ."

ಚೂರಿ ಮಡಚಿ ಜೇಬಿಗೆ ಹಾಕಿಕೊಂಡ. ಟೋಪಿ ಇಟ್ಟುಕೊಂಡು ಕುರಿದೊಡ್ಡಿಗೆ ಹೋದ. ಮಳೆ ಬರುತ್ತಿತ್ತು. ನಾನು ಬಾಗಿಲಿಗೆ ಹೋಗಿ ನೋಡಲಿಲ್ಲ. ಇಂಥ ದಿನ ಮನಸ್ಸಿಗೆ ಮೊದಲೇ ಗೊತ್ತಾಗುತ್ತದೆ ಅಂತ ಹೆಂಗಸರು ಹೇಳುತ್ತಾರೆ. ನನಗೆ ಏನೂ ಗೊತ್ತಾಗಲಿಲ್ಲ. ಕಾಳು ನೆನೆಹಾಕುತ್ತಿದ್ದೆ.

ದೊಡ್ಡಿಯ ಕೆಳಗೆ ಹಳ್ಳವಿದೆ. ಒಂದು ಕುರಿ ನೀರಿಗೆ ಬಿದ್ದಿತ್ತಂತೆ, ಎಳೆಯಲು ಇಳಿದನಂತೆ, ಎದೆಬಡಿತ ನಿಂತಿತಂತೆ. ಮಾರನೆಯ ದಿನ ಸಿಕ್ಕಿದ. ಸೊಂಟದಿಂದ ಕೆಳಗೆ ನೀರಿನಲ್ಲೇ ಇದ್ದ. ಕುರಿ ಬದುಕಿತು.

ಅವನ ಬಗ್ಗೆ ಹೇಳಲು ಬಹಳ ಇಲ್ಲ. ಚಿಕ್ಕವನಿದ್ದಾಗಿನಿಂದ ಬೇರೆಯವರ ಕುರಿ ಕಾಯ್ದ. ಕೂಲಿಗೆ ಮರಿ ಕೊಡುತ್ತಿದ್ದರು. ಮರಿಗಳು ಕೂಡಿ ಕೂಡಿ ಹಿಂಡಾಯಿತು. ಹಿಂಡು ಸ್ವಂತದ್ದಾದಾಗ, ಚೂರಿಗೆ ಹೆಸರಾದ ಊರು ಪತ್ತಾಡಕ್ಕೆ ನಡೆದುಹೋಗಿ ಬೊನಿಫಾತ್ಸು ಕಮ್ಮಾರನ ಹತ್ತಿರ ಈ ಚೂರಿ ಮಾಡಿಸಿದ. ಎಲೆಯ ಹಾಗೆ ನೀಳ ಅಲಗು, ಟಗರಿನ ಕೊಂಬಿನ ಹಿಡಿ. ರೊಟ್ಟಿಗೂ ಅದೇ, ಹಗ್ಗಕ್ಕೂ ಅದೇ, ಕುರಿಯ ಗೊರಸಿಗೂ ಅದೇ. ಮದುವೆ ಊಟಕ್ಕೆ ಹೋದರೆ ತಟ್ಟೆಯ ಪಕ್ಕ ಇಟ್ಟ ಚಾಕುವನ್ನು ಬದಿಗೆ ಸರಿಸಿ ತನ್ನದನ್ನು ತೆಗೆಯುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅವನಿಗೆ ಆಗುತ್ತಿರಲಿಲ್ಲ.

ಅವನ ಬಟ್ಟೆಗಳು ಒಂದು ಚೀಲದಲ್ಲಿ ಬಂದವು. ಬಟ್ಟೆ ಒಗೆದುಹಾಕಿದೆ. ಜೇಬಿನಲ್ಲಿದ್ದ ಚೂರಿಯನ್ನು ಗೂಡಿನಲ್ಲಿಟ್ಟೆ. ಸಾವಿಗೆ ಬಂದ ಜನ ಕರಗಿದ ಮೇಲೆ ಕೈಗೆ ತೆಗೆದುಕೊಂಡರೆ ಅದು ಬಿಚ್ಚಲಿಲ್ಲ. ಉಗುರು ಮುರಿಯಿತು. ಅಲಗಿನ ಬೆನ್ನು ಕೆಂಪಾಗಿತ್ತು. ಮೂಗಿನ ಹತ್ತಿರ ತಂದೆ. ಅವನ ವಾಸನೆ ಬಂತು. ಬೆವರಲ್ಲ, ಹೊಗೆಯಲ್ಲ, ಅವನೇ. ಬಟ್ಟೆಯದನ್ನು ನನ್ನ ಕೈಯಾರೆ ತೊಳೆದು ಕಳೆದಿದ್ದೆ. ಹಾಸಿಗೆಯಲ್ಲಿ ಉಳಿದಿರಲಿಲ್ಲ. ಉಳಿದಿದ್ದು ಇದರಲ್ಲಿ ಮಾತ್ರ.

ಚೂರಿ ಉಳಿಯಬೇಕು, ವಾಸನೆಯೂ ಉಳಿಯಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಆಲಿವ್ ಎಣ್ಣೆ ಬಿಟ್ಟೆ. ನಮ್ಮಲ್ಲಿ ಮಗುವಿನ ಕಿವಿಗೂ ಅದೇ, ಬಾಗಿಲಿನ ತಿರುಗಣಿಗೂ ಅದೇ. ಚೂರಿ ಬಿಚ್ಚಿತು. ಸ್ವಲ್ಪ ದಿನಕ್ಕೆ ಎಣ್ಣೆ ಕೀಲಿನಲ್ಲಿ ಅಂಟಾಯಿತು, ಕಮಟು ಹಿಡಿಯಿತು. ಪಕ್ಕದ ಮನೆಯ ಜಿಜ್ಜಾ ಹೊಲಿಗೆಯಂತ್ರದ ಎಣ್ಣೆ ಕೊಟ್ಟಳು. ಚೂರಿ ಸರಾಗ ಆಡಿತು. ಅದರಲ್ಲಿ ರೊಟ್ಟಿ ಕೊಯ್ದು ಬಾಯಿಗಿಟ್ಟು ಉಗುಳಿದೆ. ಅಂಗಳಕ್ಕೆ ಎಸೆದರೆ ಕೋಳಿ ಕೂಡ ಮುಟ್ಟಲಿಲ್ಲ.

ಬಸ್ಸು ಹಿಡಿದು ಪತ್ತಾಡಕ್ಕೆ ಹೋದೆ. ಬೊನಿಫಾತ್ಸುಗೆ ಈಗ ಬೆನ್ನು ಬಾಗಿದೆ. ಚೂರಿಯನ್ನು ತಿರುಗಿಸಿ ನೋಡಿದ, ಮೂಸಿದ.

"ಇದೇನಮ್ಮಾ ಇದು, ಚೂರಿನೋ ಸೊಪ್ಪಿನ ಪಲ್ಯನೋ?"

"ಎಣ್ಣೆ ಹಾಕ್ದೆ, ತಿಯು ಬೊನಿಫಾತ್ಸು." ನಮ್ಮಲ್ಲಿ ಹಿರಿಯ ಗಂಡಸರಿಗೆ ತಿಯು, ಹೆಂಗಸರಿಗೆ ತಿಯಾ ಅನ್ನುತ್ತಾರೆ.

"ತಿನ್ನೋ ಎಣ್ಣೆ ಗಾಳಿ ತಾಕಿದ್ರೆ ಗೋಂದಾಗತ್ತೆ. ಕಪ್ಪಗಿದೆ ನೋಡು, ಇದಕ್ಕೆ ಹೆದರಬೇಡ. ಕಪ್ಪು ಅಲಗನ್ನ ಕಾಯತ್ತೆ. ಈ ಕೆಂಪು ಇದೆಯಲ್ಲ, ಇದು ತಿನ್ನತ್ತೆ. ಬಾಕೀಸ್ ಏನ್ ಹಚ್ತಿದ್ದ?"

"ಏನೂ ಇಲ್ಲ."

"ಏನೂ ಹಚ್ಚದೆ ಇಷ್ಟು ವರ್ಷ ಕಬ್ಬಿಣ ಬಾಳಲ್ಲ. ಈ ತುಕ್ಕೆಲ್ಲ ಈಚಿಂದು. ಏನೋ ಹಚ್ತಿದ್ದ."

"ಮನೇಲಿ ಹಚ್ಚಿದ್ದು ನಾ ನೋಡಿಲ್ಲ."

"ಹಾಗಾದ್ರೆ ದೊಡ್ಡೀಲಿ ಹಚ್ತಿದ್ದ. ಇರ್ಲಿ. ಕೀಲಿನ ಮೊಳೆ ಹೊಡೆದು ತೆಗೆದು ಸೀಮೆಎಣ್ಣೇಲಿ ತೊಳೀಬೇಕು."

"ತೊಳೆದ್ರೆ ವಾಸನೆ ಹೋಗತ್ತಾ?"

"ಎಲ್ಲಾ ಹೋಗತ್ತೆ."

"ಹಾಗಾದ್ರೆ ಬೇಡ."

ಅವನು ಚೂರಿಯನ್ನು ನನ್ನ ಕೈಯಲ್ಲೇ ಇಟ್ಟ. "ಬೇಡ ಅಂದ್ರೆ ಬಿಡು. ಬರೋ ಚಳಿಗಾಲದೊಳಗೆ ಕೀಲು ತಿಂದುಹೋಗತ್ತೆ. ಆಮೇಲೆ ವಾಸನೆ ಇಟ್ಕೊಂಡು ರೊಟ್ಟಿ ಕೊಯ್ಯಿ."

ನಾನು ಕೂತೆ. ಅವನು ಬೇರೆ ಕೆಲಸ ಹಿಡಿದ. ಬಹಳ ಹೊತ್ತು ಕೂತೆ. ಕೊನೆಗೆ ಕೊಟ್ಟೆ. ನನ್ನ ಮುಂದೆಯೇ ಮಾಡು ಅಂದೆ. ಮೊಳೆ ತೆಗೆದಾಗ ಕೀಲಿನಿಂದ ಕಪ್ಪು ಜಿಡ್ಡು ಬಂತು. ಅದರಲ್ಲಿ ರೊಟ್ಟಿಯ ಪುಡಿಯಿತ್ತು. ಒಂದು ಎಳೆ ಉಣ್ಣೆಯಿತ್ತು. ಬಟ್ಟೆಯಲ್ಲಿ ಒರಸಿ, ಆ ಬಟ್ಟೆಯನ್ನು ಕುಲುಮೆಗೆ ಹಾಕಿದ. ಉರಿಯಿತು.

ಹೊಸ ಮೊಳೆ ಬಡಿದು ಚೂರಿ ಕೈಗೆ ಕೊಟ್ಟು ಹೇಳಿದ. "ಔಷಧಿ ಅಂಗಡೀಲಿ ವ್ಯಾಸಲೀನ್ ಎಣ್ಣೆ ಕೇಳು, ಹೊಟ್ಟೆ ಕಟ್ಟಿದ್ರೆ ಕುಡಿಯೋಕೆ ಕೊಡ್ತಾರಲ್ಲ, ಅದು. ಬಣ್ಣ ಇಲ್ಲ, ರುಚಿ ಇಲ್ಲ, ಕೆಡಲ್ಲ. ಕೀಲಿಗೆ ಒಂದೇ ಹನಿ. ಒದ್ದೆ ಇದ್ದಾಗ ಮಡಚಬೇಡ."

ನಮ್ಮೂರಿನ ಔಷಧಿ ಅಂಗಡಿಯವನು ಸೀಸೆ ಮೇಜಿನ ಮೇಲಿಟ್ಟು ದನಿ ತಗ್ಗಿಸಿದ.

"ಮಲಗೋ ಮುಂಚೆ ಒಂದು ಚಮಚ ತಗೊಳ್ಳಿ, ತಿಯಾ. ಬೆಳಿಗ್ಗೆ ಸಲೀಸಾಗತ್ತೆ."

"ನನಗಲ್ಲ, ಚೂರಿಗೆ."

"ಓಹೋ. ಪಾಪ, ಅದಕ್ಕೆ ಎಷ್ಟು ದಿನದಿಂದ ಆಗಿಲ್ಲ?"

ಬಾಕೀಸ್ ಸತ್ತ ಮೇಲೆ ನಾನು ಮೊದಲು ನಕ್ಕಿದ್ದು ಅಲ್ಲಿ. ದಾರಿಯಲ್ಲಿ, ಇದನ್ನು ಬಾಕೀಸನಿಗೆ ಹೇಳಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು.

ಎಣ್ಣೆ ಒಳ್ಳೆಯದೇ. ಚೂರಿ ತುಕ್ಕು ಹಿಡಿಯಲಿಲ್ಲ, ರೊಟ್ಟಿಗೆ ವಾಸನೆ ಹತ್ತಲಿಲ್ಲ. ಆದರೆ ಮೂಸಿದರೆ ಏನೂ ಇಲ್ಲ. ಅಂಗಡಿಯಲ್ಲಿ ತೂಗುಹಾಕಿದ ಚೂರಿಯ ಹಾಗೆ, ಯಾರದ್ದೂ ಅಲ್ಲ.

ಕುರಿಗಳನ್ನು ಬಾಕೀಸನ ಅಣ್ಣನ ಮಗ ದಿಯೇಗು ವಹಿಸಿಕೊಂಡಿದ್ದ. ಒಂದು ದಿನ ಚೀಸು ತಂದ. ಕೊಯ್ಯಲು ಚೂರಿ ಕೊಟ್ಟೆ. ಕೊಯ್ದ, ತೊಟ್ಟಿದ್ದ ಕುರಿದೊಗಲಿನ ಅಂಗಿಯ ಉಣ್ಣೆಗೆ ಅಲಗನ್ನು ಆ ಕಡೆ ಈ ಕಡೆ ಒರಸಿದ, ಮಡಚಿಟ್ಟ.

"ಏನೋ ಅದು, ಹೊಲಸು ಅಂಗಿಗೆ ಒರಸೋದು?"

"ಬೈಬೇಡ, ತಿಯಾ. ಕೈ ತಾನಾಗೇ ಹೋಯ್ತು. ದೊಡ್ಡೀಲಿ ಕುರಿ ಮೈಗೇ ಒರಸ್ತೀವಿ. ತೊಳೀದ ಉಣ್ಣೇಲಿ ಜಿಡ್ಡಿರತ್ತಲ್ಲ, ತುಕ್ಕು ಹತ್ತಲ್ಲ. ತಿಯು ಬಾಕೀಸೇ ಕಲಿಸಿದ್ದು."

ಬಿಚ್ಚಿ ಮೂಸಿದೆ. ಬಾಕೀಸನ ವಾಸನೆ ಸ್ವಲ್ಪವೇ ಇತ್ತು. ಇತ್ತು.

"ನಾಳೆ ದೊಡ್ಡಿಗೆ ಬರ್ತೀನಿ," ಅಂದೆ.

"ಅಲ್ಲಿಗೆ ಹೆಂಗಸ್ರು ಯಾರ್ ಬರ್ತಾರೆ? ಒಂದು ಹಿಡಿ ಉಣ್ಣೆ ನಾನೇ ತಂದ್ಕೊಡ್ತೀನಿ ಬಿಡು."

ತಂದುಕೊಟ್ಟ. ಡಬ್ಬಿಯಲ್ಲಿಟ್ಟೆ. ಬೇಗ ಒಣಗಿತು, ಧೂಳಿನ ವಾಸನೆಯಾಯಿತು. ಡಬ್ಬಿ ಮುಚ್ಚಿ, ಬೂಟು ಹಾಕಿಕೊಂಡು ಗುಡ್ಡ ಹತ್ತಿದೆ. ಅಷ್ಟು ವರ್ಷ ಬಾಕೀಸ್ ದಿನವೆಲ್ಲ ಇದ್ದ ಜಾಗ. ಗಂಡಸರ ಜಾಗ ಅಂತ ನಾನು ಹೋದವಳಲ್ಲ, ಅವನೂ ಕರೆದವನಲ್ಲ. ಕಲ್ಲಿನ ಗೋಡೆ, ಮುಳ್ಳಿನ ಬಾಗಿಲು, ಅವನು ಕೂತು ಕೂತು ನುಣುಪಾದ ಒಂದು ಬಂಡೆ. ಜಾಗದ ತುಂಬ ಆ ವಾಸನೆ. ದಿಯೇಗು ಹಾಲು ಕರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಾನು ಬಂಡೆಯ ಮೇಲೆ ಕೂತು ಅತ್ತೆ. ಅವನು ಮತ್ತೆ ಕರೆಯತೊಡಗಿದ.

ಈಗ ದಿನಾ ಬೆಳಿಗ್ಗೆ ಹೋಗುತ್ತೇನೆ. ಸಿಕ್ಕ ಕುರಿಯ ಕತ್ತನ್ನು ಮೊಣಕಾಲಲ್ಲಿ ಅವುಚಿ, ಚೂರಿ ಬಿಚ್ಚಿ, ಅಲಗಿನ ಎರಡೂ ಮೈಯನ್ನು ಉಣ್ಣೆಗೆ ಒರಸುತ್ತೇನೆ, ಚೂರಿಯ ಬೆನ್ನಿನ ಕಡೆಗೆ ಎಳೆದು. ಉಣ್ಣೆ ಕತ್ತರಿಸಿದ ತಿಂಗಳುಗಳಲ್ಲಿ ಕುರಿಯ ಬೆನ್ನಿನ ಮೇಲೆ ಜಿಡ್ಡು ಸಿಗುವುದಿಲ್ಲ. ಆಗ ಕುರಿಯನ್ನು ಮಗ್ಗುಲಿಗೆ ಕೆಡವಿ ತೊಡೆಯ ಸಂದಿಯಲ್ಲಿ ಒರಸಬೇಕು. ಒದೆಯುತ್ತದೆ.